ಅತ್ತೆಯ ಬಾಯಿ

"ಒಂದು ಯಂತ್ರದ ಕೈಲಿ ನನ್ನನ್ನ ಏಕವಚನದಲ್ಲಿ ಬೈಸ್ತೀರಲ್ಲ ಭಾವ, ನಾಚಿಕೆ ಆಗಲ್ವಾ ನಿಮಗೆ?"

"ತಪ್ಪು ಮಾಡಿದೋರಿಗೆ ಬೈಯುತ್ತೆ. ನೀನು ತಪ್ಪು ಮಾಡ್ದೆ, ಬೈತು. ಇವನು ಭಾಮೈದ, ಇವನು ಮ್ಯಾನೇಜರು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?"

"ಹಿಂದೆ ಯಾರು ನಿಂತಿದ್ರು ಗೊತ್ತಾ? ವ್ಯಾಪಾರಿಗಳು! ಪರದೆ ತುಂಬ ದಪ್ಪ ಅಕ್ಷರ. 'ಖಾಲಿ ಬುಟ್ಟಿಯಿಂದ ಏನು ಸುರೀತೀಯ? ಹಿಂದುಮುಂದು ಮಾಡ್ಕೊಂಡಿದ್ದೀಯ. ಕಣ್ಣು ಮುಖದಲ್ಲಿದ್ಯಾ, ಮನೇಲಿ ಬಿಟ್ಟು ಬಂದ್ಯಾ?' ಅವರು ಕರವಸ್ತ್ರ ಬಾಯಿಗಿಟ್ಕೊಂಡು ನಕ್ರು. ನನ್ನ ಮಾನ ಮೂರುಕಾಸಿಗೆ ಹೋಯ್ತು!"

"ಹಿಂದುಮುಂದು ಮಾಡಿದ್ದು ಸುಳ್ಳಾ?"

"ಅದಲ್ಲ ಪ್ರಶ್ನೆ!"

ಪ್ರಶ್ನೆ ಅದೇ ಆಗಿತ್ತು. ಆದರೆ ಅಚ್ಚಿನ ಹಾಲ್‌ನ ನಡುವೆ, ಬಣ್ಣದ ಮೇಸ್ತ್ರಿ ಕೈ ಒರೆಸಿಕೊಳ್ಳುವ ನೆಪದಲ್ಲಿ ಕಿವಿ ನಿಮಿರಿಸಿಕೊಂಡು ನಿಂತಿರುವಾಗ, ಅದನ್ನು ಒಪ್ಪಿಕೊಳ್ಳುವ ಗಂಡಸು ಭಾಮೈದನಾಗಿರಲಿಲ್ಲ. ಅವನು ಬೆರಳು ಎತ್ತಿ ಆಡಿಸಿದ.

"ನಾಳೆಯಿಂದ ಆ ಬೈಗುಳ ಒಂದೂ ಕಾಣಬಾರದು. ಎಲ್ಲ ತೆಗೀಬೇಕು."

"ಎಲ್ಲವನ್ನೂ?"

"ಎಲ್ಲವನ್ನೂ. ಆ ಖಾಲಿ ಬುಟ್ಟಿ ಸಾಲಂತೂ ಮೊದಲು ಹೋಗ್ಬೇಕು."

"ಮೇಸ್ತ್ರಿ, ಕೇಳಿಸ್ಕೊಂಡ್ಯಲ್ಲ? ಆಮೇಲೆ ನಾನು ಅಂದಿದ್ದು ಹಾಗಲ್ಲ ಹೀಗೆ ಅನ್ನೋದು ಬೇಡ."

"ಈ ಜಗಳದಲ್ಲಿ ನನ್ನನ್ನ ಯಾಕಪ್ಪಾ ಎಳೀತೀಯ ಡಿಸ್ಕಣ್ಣ," ಎಂದ ಮೇಸ್ತ್ರಿ. ಆದರೆ ಕೇಳಿಸಿಕೊಂಡಿದ್ದ.

ಬಟ್ಟೆಯ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕುವ ಆ ಗಿರಣಿಯಲ್ಲಿ ಭಾವನನ್ನು ಎಲ್ಲರೂ ಕರೆಯುತ್ತಿದ್ದದ್ದು ಡಿಸ್ಕಣ್ಣ ಎಂದೇ. ಕಂಪ್ಯೂಟರುಗಳ ಉಸ್ತುವಾರಿ ಅವನದು. ಗಿರಣಿಯ ಅಷ್ಟೂ ಡಿಸೈನುಗಳು ಒಂದೇ ಡಿಸ್ಕಿನಲ್ಲಿ ಇದ್ದವು. ಅದಕ್ಕೆ ಭಂಡಾರ ಎಂದು ಹೆಸರು. ವಾರದ ಮೊದಲ ದಿನ ಬೇಕಾದ ಡಿಸೈನುಗಳನ್ನು ಭಂಡಾರದಿಂದ ಅಚ್ಚಿನ ಯಂತ್ರಕ್ಕೆ ತುಂಬಬೇಕು, ವಾರದ ಕೊನೆಗೆ ಯಂತ್ರವನ್ನು ಖಾಲಿ ಮಾಡಬೇಕು. ತುಂಬುವ ಕೆಲಸಕ್ಕೆ ಡಿಸ್ಕಣ್ಣ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದಿಟ್ಟಿದ್ದ. ಅದಕ್ಕೆ ಎರಡೇ ಹೆಸರು ಕೊಟ್ಟರೆ ಸಾಕು. ಮೊದಲು ಎಲ್ಲಿಂದ, ಆಮೇಲೆ ಎಲ್ಲಿಗೆ. ಎಂಟರ್ ಒತ್ತಿದರೆ ಅದು 'ಎಲ್ಲಿಗೆ' ಅಂದ ಜಾಗವನ್ನು ಮೊದಲು ತೊಳೆದು, ಆಮೇಲೆ 'ಎಲ್ಲಿಂದ' ಅಂದ ಜಾಗದಲ್ಲಿ ಇದ್ದದ್ದನ್ನು ಅಲ್ಲಿಗೆ ತುಂಬುತ್ತಿತ್ತು.

ತೊಳೆಯುವುದು ಅಂದರೆ ಸಾಮಾನ್ಯ ತೊಳೆಯುವುದಲ್ಲ. ಎದುರಾಳಿ ಗಿರಣಿಯವರು ಡಿಸೈನು ಕದಿಯುತ್ತಾರೆಂದು ಯಜಮಾನರಿಗೆ ಭಯ. ಅದಕ್ಕಾಗಿ ಪ್ರತಿ ಡಿಸ್ಕಿಗೂ ಡಿಸ್ಕಣ್ಣ ಒಂದು ಗುಪ್ತ ಕೀಲಿ ಇಟ್ಟಿದ್ದ. ಅದಿಲ್ಲದೆ ಒಳಗಿರುವುದನ್ನು ಯಾರೂ ಓದಲಾಗದು. ಸ್ಕ್ರಿಪ್ಟ್ ಆ ಕೀಲಿಯನ್ನೇ ನಾಶ ಮಾಡಿಬಿಡುತ್ತಿತ್ತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೆಲಸ ಆಗುತ್ತಿತ್ತು. ಆಮೇಲೆ ಯಾರು ತಿಪ್ಪರಲಾಗ ಹಾಕಿದರೂ ಆ ಡಿಸ್ಕಿನಲ್ಲಿ ಉಳಿಯುವುದು ಬರೀ ಹೊಟ್ಟು.

ಇಷ್ಟು ಅಪಾಯದ ಕೆಲಸಕ್ಕೆ ಕಾವಲು ಬೇಡವೇ? ಮೊದಲು ಇದ್ದದ್ದು ಕಂಪ್ಯೂಟರೇ ಉಗುಳುವ ಒಣ ಎರರ್ ಮೆಸೇಜು. ಅದನ್ನು ಯಾರೂ ಓದುತ್ತಿರಲಿಲ್ಲ. ಮತ್ತೆ ಮತ್ತೆ ಎಂಟರ್ ಕುಟ್ಟುತ್ತಿದ್ದರು. ಡಿಸ್ಕಣ್ಣನಿಗೆ ರೇಗಿ, ತಾನೇ ಎದುರಿಗೆ ನಿಂತಿದ್ದರೆ ಏನು ಅನ್ನುತ್ತಿದ್ದೆನೋ ಅದನ್ನೇ ಬರೆದಿಟ್ಟ. ಒಂದೇ ಹೆಸರು ಕೊಟ್ಟವರಿಗೆ, "ಎಲ್ಲಿಂದ ಅಂತ ಹೇಳ್ದೆ. ಎಲ್ಲಿಗೆ ಅಂತ ನಿಮ್ಮಪ್ಪ ಬಂದು ಹೇಳ್ತಾನಾ?" ಎರಡು ಸಲ ಒಂದೇ ಹೆಸರು ಕೊಟ್ಟವರಿಗೆ, "ಅಲ್ಲಿಂದ ಅಲ್ಲಿಗೇನಾ? ಹಾಗಾದ್ರೆ ಎದ್ದು ಯಾಕೆ ಬಂದೆ, ಮಲ್ಕೋ ಹೋಗು." ಇಲ್ಲದ ಹೆಸರು ಕೊಟ್ಟವರಿಗೆ, "ಈ ಹೆಸರಿನೋರು ಇಲ್ಲಿ ಯಾರೂ ಇಲ್ಲ. ಬೇರೆ ಮನೆ ನೋಡು." ಖಾಲಿ ಜಾಗದಿಂದ ತುಂಬಲು ಹೋದವರಿಗೆ ಆ ಬುಟ್ಟಿಯ ಮಾತು.

ಅವತ್ತಿನಿಂದ ಜನ ಓದಿದರು. ನಕ್ಕರು, ತಿದ್ದಿಕೊಂಡರು. ಹಾಲ್‌ನವರು ಸ್ಕ್ರಿಪ್ಟಿಗೆ 'ಅತ್ತೆ' ಎಂದು ಹೆಸರಿಟ್ಟರು. "ಏನು, ಇವತ್ತು ಅತ್ತೆ ಬೈದ್ಲಾ?" "ಬಾಯಿ ತುಂಬ ಬೈದ್ಲು ಕಣೋ." ಅತ್ತೆ ಬಂದ ಮೇಲೆ ಗಿರಣಿಯಲ್ಲಿ ಒಂದು ಡಿಸೈನೂ ಹಾಳಾಗಿರಲಿಲ್ಲ. ಡಿಸ್ಕಣ್ಣ ತನ್ನ ಬದುಕಿನಲ್ಲಿ ಹೆಮ್ಮೆಪಟ್ಟ ಕೆಲಸ ಏನಾದರೂ ಇದ್ದರೆ ಅದೊಂದೇ.

ಅದನ್ನೇ ಈಗ ತೆಗೆ ಅನ್ನುತ್ತಿದ್ದ, ಇವನು. ಹೆಂಡತಿಯ ತಮ್ಮ. ಕೆಲಸವಿಲ್ಲದೆ ಅಕ್ಕನ ಮನೆಯಲ್ಲಿ ಉಂಡು ಮಲಗುತ್ತಿದ್ದವನನ್ನು ಯಜಮಾನರ ಕಾಲಿಗೆ ಬಿದ್ದು ಗಿರಣಿಗೆ ಸೇರಿಸಿದ್ದು ಡಿಸ್ಕಣ್ಣನೇ. ಈಗ ಅವನು ಮ್ಯಾನೇಜರು. ವ್ಯಾಪಾರಿಗಳ ಮುಂದೆ ಭಾವ ಅನ್ನುವುದನ್ನು ಬಿಟ್ಟು "ನಮ್ಮ ಕಂಪ್ಯೂಟರಿನವರು" ಅನ್ನತೊಡಗಿದ್ದ. ಕಿಟಕಿಯಿದ್ದ ಕೋಣೆಯನ್ನು ವ್ಯಾಪಾರಿಗಳಿಗೆ ಕೂರಲು ಬೇಕೆಂದು ಕಸಿದುಕೊಂಡು, ಭಾವನನ್ನು ಮೆಟ್ಟಿಲ ಕೆಳಗೆ, ಬಟ್ಟೆಗೆ ಹಚ್ಚುವ ಗಂಜಿಯ ಪೀಪಾಯಿಗಳ ಪಕ್ಕಕ್ಕೆ ತಳ್ಳಿದ್ದ. ಬ್ಯಾಕಪ್ ಇಡುವ ಡಿಸ್ಕು ಕೆಟ್ಟಿದೆ, ಹೊಸದು ತರಿಸು ಎಂದರೆ "ಆಮೇಲೆ ನೋಡೋಣ" ಎಂದು ತಿಂಗಳುಗಟ್ಟಲೆ ತಳ್ಳಿದ್ದ. ಡಿಸ್ಕಣ್ಣನಿಗೆ ಕೋಪ ಬರುವ ಕಾಲವೂ ಮುಗಿದುಹೋಗಿತ್ತು. ಸಾಕಾಗಿತ್ತು. ಬೆಳಿಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳುವುದೂ ಯಾರದೋ ಚಾಕರಿಯಂತೆ ಕಾಣುತ್ತಿತ್ತು.

ಆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಪೀಪಾಯಿಗಳ ಪಕ್ಕ ಕೂತು ಸ್ಕ್ರಿಪ್ಟ್ ತೆರೆದ. ಮಾತು ತೆಗೆದು ಕಾವಲು ಉಳಿಸುವುದು ಅಂಥ ದೊಡ್ಡ ವಿದ್ಯೆಯಲ್ಲ. ಬೈಗುಳದ ಜಾಗದಲ್ಲಿ ನಯವಾದ ನಾಲ್ಕು ಪದ ಹಾಕಿದರೆ ಆಯಿತು. ಮೊದಲ ಮೂರಕ್ಕೆ ಹಾಗೇ ಮಾಡಿದ. "ದಯವಿಟ್ಟು ಎರಡೂ ಹೆಸರುಗಳನ್ನು ನೀಡಿ. ತಮ್ಮ ಸಹಕಾರಕ್ಕೆ ಧನ್ಯವಾದಗಳು." ಬರೆಯುವಾಗ ಬಾಯಿ ಸಪ್ಪೆಯಾಯಿತು. ನಾಲ್ಕನೆಯದಕ್ಕೆ, ಆ ಖಾಲಿ ಬುಟ್ಟಿಗೆ ಬಂದಾಗ, ಬೆರಳು ನಿಂತಿತು.

ಭಾಮೈದ ಅಂದದ್ದೇನು? ಎಲ್ಲವನ್ನೂ ತೆಗೀಬೇಕು. ಆ ಸಾಲಂತೂ ಮೊದಲು ಹೋಗಬೇಕು. ಮೇಸ್ತ್ರಿ ಸಾಕ್ಷಿ.

ಸರಿ, ಹೋಗಲಿ.

ಮಾತಿನ ಜೊತೆ ಕಾವಲನ್ನೂ ಕಿತ್ತುಹಾಕಿದರೆ ಏನಾಗುತ್ತದೆ ಎಂಬುದನ್ನು ಅವನು ಆತುರವಿಲ್ಲದೆ ಯೋಚಿಸಿದ. ತಿಂಗಳಿಗೊಮ್ಮೆಯಾದರೂ ಭಾಮೈದ ಹೆಸರುಗಳನ್ನು ಅದಲುಬದಲು ಮಾಡುತ್ತಾನೆ. ಭಂಡಾರದಿಂದ ಯಂತ್ರಕ್ಕೆ ಅನ್ನುವ ಬದಲು ಯಂತ್ರದಿಂದ ಭಂಡಾರಕ್ಕೆ ಅನ್ನುತ್ತಾನೆ. ವಾರದ ಮೊದಲ ದಿನ ಯಂತ್ರ ಖಾಲಿ. ಇಷ್ಟು ದಿನ ಅತ್ತೆ ಬೈದು ನಿಲ್ಲಿಸುತ್ತಿದ್ದಳು. ಇನ್ನು ನಿಲ್ಲಿಸುವವರಿಲ್ಲ. ಭಂಡಾರ ತೊಳೆದುಹೋಗುತ್ತದೆ, ಆಮೇಲೆ ಅದರೊಳಗೆ ಯಂತ್ರದ ಶೂನ್ಯ ತುಂಬಿಕೊಳ್ಳುತ್ತದೆ. ಇಡೀ ಹಾಲ್‌ನ ಕಣ್ಣೆದುರು, ಭಾಮೈದನ ಸ್ವಂತ ಬೆರಳಿನಿಂದ. ಡಿಸ್ಕಣ್ಣ ಆಗ ಮೆಟ್ಟಿಲ ಕೆಳಗೆ ಚಹಾ ಕುಡಿಯುತ್ತಿರುತ್ತಾನೆ. ಕಾವಲು ತೆಗೆಸಿದ್ದು ಯಾರು? ಅವನೇ. ಬ್ಯಾಕಪ್ಪಿಗೆ ಡಿಸ್ಕು ಕೊಡಿಸದಿದ್ದದ್ದು ಯಾರು? ಅವನೇ. ಡಿಸ್ಕಣ್ಣ ಮಾಡಿದ್ದು ಹೇಳಿದ ಕೆಲಸ. ಹೇಳಿದ ಕೆಲಸ ಮಾಡಿದವನನ್ನು ಯಾವ ನ್ಯಾಯ ಹಿಡಿಯುತ್ತದೆ?

ಅಷ್ಟಕ್ಕೇ ಬಿಡುವಷ್ಟು ಕ್ರೂರಿಯಾಗಿರಲಿಲ್ಲ ಅವನು. ಭಂಡಾರದಲ್ಲಿದ್ದ ಡಿಸೈನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವನ ಹೆಂಡತಿ ಬರೆದದ್ದು. ಮದುವೆಗೆ ಮುಂಚಿನಿಂದ ಅವಳು ಮೇಲಿನ ಮಹಡಿಯ ಚಿತ್ರದ ಕೋಣೆಯಲ್ಲಿ ಕೂತು ಬಳ್ಳಿ, ಎಲೆ, ಹಕ್ಕಿ ಬರೆಯುತ್ತಾ ಬಂದವಳು. ಮಕ್ಕಳಿಲ್ಲದ ಮನೆ ಅವರದು. ಹೊಸ ಬಟ್ಟೆ ಹೊರಬಿದ್ದಾಗ ಅವಳು ಅದರ ಅಂಚನ್ನು ಬೆರಳಲ್ಲಿ ಸವರಿ ನೋಡುವುದನ್ನು ಕಂಡವರು ಯಾರೂ ಆ ಮಾತೆತ್ತುತ್ತಿರಲಿಲ್ಲ. ಅವಳ ಕೆಲಸ ಹಾಳು ಮಾಡುವ ಮನಸ್ಸು ಅವನಿಗೆ ಕನಸಲ್ಲೂ ಬಂದದ್ದಲ್ಲ. ಕೆಟ್ಟುಹೋದ ಡಿಸ್ಕಿನ ಬದಲಿಗೆ ತಾನೇ ಒಂದು ಕೊಂಡು, 'ನಕಲು' ಎಂದು ಹೆಸರಿಟ್ಟು, ಅದೇ ಸ್ಕ್ರಿಪ್ಟಿನಿಂದ ಇಡೀ ಭಂಡಾರವನ್ನು ಅದಕ್ಕೆ ಇಳಿಸಿಕೊಂಡಿದ್ದ. ಹೊಸದೂ ಸೇರಲೆಂದು ತಿಂಗಳ ಕೊನೆಗೊಮ್ಮೆ ಎಲ್ಲವನ್ನೂ ಮತ್ತೆ ಇಳಿಸುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಮನೆಯ ಅಟ್ಟದ ಮೇಲೆ ಹಳೇ ಹೊದಿಕೆಗಳ ನಡುವೆ ಅದು ಬೆಚ್ಚಗಿತ್ತು.

ಆಮೇಲಿನದು ಸಲೀಸು. ಭಾಮೈದ ಮುಳುಗುತ್ತಾನೆ. ಯಜಮಾನರು ಅವನನ್ನು ಹೊರಗೆ ಹಾಕುತ್ತಾರೆ. ಆ ಮಾತು ಅವರ ಬಾಯಿಂದ ಬಿದ್ದ ಮೇಲೆ, ಬೀಳುವ ಮುಂಚೆ ಅಲ್ಲ, ಡಿಸ್ಕಣ್ಣ ಮನೆಗೆ ಹೋಗಿ ನಕಲು ತರುತ್ತಾನೆ. ಸಂಜೆಯೊಳಗೆ ಭಂಡಾರ ತುಂಬುತ್ತದೆ. ಕಿಟಕಿಯ ಕೋಣೆ ವಾಪಸು ಬರುತ್ತದೆ. ತಮ್ಮ ಎಷ್ಟರವನು, ಗಂಡ ಎಷ್ಟರವನು ಎಂದು ಹೆಂಡತಿಗೂ ಒಮ್ಮೆ ಗೊತ್ತಾಗುತ್ತದೆ. ಎಲ್ಲ ತಣ್ಣಗಾದ ಮೇಲೆ ಕಾವಲನ್ನು ಮತ್ತೆ ಅದರ ಜಾಗದಲ್ಲಿ ಇಟ್ಟರಾಯಿತು.

ಎರಡು ಖಾಲಿ ಜಾಗ ಮಾಡಿ ಪರೀಕ್ಷಿಸಿದ. ಅತ್ತೆ ಬೈಯಲಿಲ್ಲ, ಗೊಣಗಲೂ ಇಲ್ಲ. "ಮುಗಿಯಿತು" ಎಂದಷ್ಟೇ ಅಂದಳು. ಅವನು ಡಬ್ಬಿ ತೆರೆದು ತಣ್ಣಗಾದ ಊಟ ಮಾಡಿದ.

ಭಾಮೈದನಿಗೆ ಹೊಸ ಮಾತುಗಳು ಬಹಳ ಹಿಡಿಸಿದವು. "ನೋಡಿದ್ರಾ ಭಾವ, ಮರ್ಯಾದೆಯಿಂದ ಹೇಳಿದ್ರೆ ಕೇಳೋಕೆ ಎಷ್ಟು ಹಿತವಾಗಿರುತ್ತೆ!" ಎಂದು ಬೆನ್ನು ತಟ್ಟಿದ. ಹಾಲ್‌ನವರಿಗೆ ಮಾತ್ರ ಬೇಜಾರಾಯಿತು. "ಅತ್ತೆಗೆ ವಯಸ್ಸಾಯ್ತು, ಮೆತ್ತಗಾಗಿಬಿಟ್ಳು," ಎಂದ ಮೇಸ್ತ್ರಿ.

ಆಮೇಲೆ ಕಾಯುವುದು. ಕಾಯುವುದು ಇಷ್ಟು ಸುಸ್ತಿನ ಕೆಲಸವೆಂದು ಅವನು ಎಣಿಸಿರಲಿಲ್ಲ. ವ್ಯಾಪಾರಿಗಳ ಎದುರು ಬೈಸಿಕೊಂಡ ಭಾಮೈದ ಈಗ ಎಚ್ಚರದಿಂದಿದ್ದ. ವಾರದ ಮೊದಲ ದಿನ ಬರುತ್ತಿತ್ತು, ಭಾಮೈದ ಸರಿಯಾಗಿ ಹೆಸರು ಕೊಡುತ್ತಿದ್ದ, ಯಂತ್ರ ಗಡಗಡ ಅನ್ನುತ್ತಿತ್ತು, ಬಟ್ಟೆ ಓಡುತ್ತಿತ್ತು. ಮನೆಯಲ್ಲಿ ಹೆಂಡತಿ, "ಏನ್ರೀ, ಮಾತೇ ಆಡಲ್ಲ ಇತ್ತೀಚೆಗೆ. ಅವನ ಜೊತೆ ಮತ್ತೆ ಕಿತ್ತಾಡಿದ್ರಾ?" ಎಂದು ಕೇಳಿದಳು. "ಇಲ್ಲ ಮಾರಾಯ್ತಿ, ನಿದ್ದೆ ಬರ್ತಿದೆ," ಎಂದ. ಒಂದೆರಡು ಸಲ, ಸಾಕು, ಆ ಸಾಲನ್ನು ವಾಪಸು ಹಾಕಿಬಿಡೋಣ ಅನ್ನಿಸಿದ್ದೂ ಉಂಟು. ಆದರೆ ಅದಕ್ಕೂ ಏಳಬೇಕಲ್ಲ, ತೆರೆಯಬೇಕಲ್ಲ, ಬರೆಯಬೇಕಲ್ಲ. ಬಿಟ್ಟ.

ಕೊನೆಗೊಂದು ವಾರದ ಮೊದಲ ದಿನ ಬೆಳಿಗ್ಗೆ ಭಾಮೈದ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಯಾರೋ ವ್ಯಾಪಾರಿಯ ಜೊತೆ ಹಲ್ಲು ಕಿರಿಯುತ್ತಾ ಒಂದೇ ಕೈಯಲ್ಲಿ ಟೈಪು ಮಾಡಿದ. ಯಂತ್ರ, ಆಮೇಲೆ ಭಂಡಾರ. ಎಂಟರ್. "ಮುಗಿಯಿತು" ಎಂದು ಬಂತು. ಅವನು ಮಾತು ಮುಂದುವರಿಸಿದ. ಮೇಸ್ತ್ರಿ ಗುಂಡಿ ಒತ್ತಿದಾಗ ಬಟ್ಟೆ ಬೆಳ್ಳಗೆ ಹೊರಬಂತು. ಬರುತ್ತಲೇ ಇತ್ತು.

ಮೆಟ್ಟಿಲ ಕೆಳಗಿನವರೆಗೂ ಕೂಗು ಕೇಳಿಸಿತು. ಡಿಸ್ಕಣ್ಣ ಲೋಟ ಕೆಳಗಿಟ್ಟು, ಎದ್ದು, ನಿಧಾನವಾಗಿ ನಡೆದು ಬಂದ. ಪರದೆ ನೋಡಿದ, ಭಂಡಾರ ತೆರೆದ. ಏನೂ ಇರಲಿಲ್ಲ. ಎಷ್ಟೋ ಸಲ ಮನಸ್ಸಿನಲ್ಲಿ ಹೇಗೆ ಕಂಡಿದ್ದನೋ, ಹಾಗೇ ಇತ್ತು. ಖುಷಿಯೊಂದು ಬರಬೇಕಿತ್ತು, ಬರಲಿಲ್ಲ.

"ಭಾವ, ಏನೋ ಆಗಿದೆ, ನೋಡಿ ಭಾವ," ಎಂದ ಭಾಮೈದ. ಬಹಳ ದಿನಗಳ ಮೇಲೆ ಎಲ್ಲರ ಎದುರು ಭಾವ ಎಂದಿದ್ದ.

"ಹಿಂದುಮುಂದು ಮಾಡ್ದೆ. ಭಂಡಾರ ತೊಳೆದುಹೋಗಿದೆ."

"ಮತ್ತೆ ಅದು ತಡೀಲಿಲ್ಲ?"

"ನೀನೇ ತೆಗೆಸಿದ್ಯಲ್ಲಪ್ಪ. ಮೇಸ್ತ್ರಿ ಇದ್ದ."

ಮೇಸ್ತ್ರಿ ನೆಲ ನೋಡಿದ. "ಬೈಗುಳ ತೆಗೀರಿ ಅಂದೆ ಭಾವ..." ಎಂದ ಭಾಮೈದ.

ಹೆಂಡತಿ ಮಹಡಿಯಿಂದ ಇಳಿದು ಬಂದಳು. ಬೆರಳಿಗೆ ಮೆತ್ತಿದ್ದ ಬಣ್ಣ ಹಾಗೇ ಇತ್ತು. ಬಟ್ಟೆಯ ಸುರುಳಿಯೊಂದರ ಮೇಲೆ ಕೂತಳು. ಖಾಲಿ ಬಿಳಿ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಅಂಚನ್ನು ಸವರುತ್ತಾ ಕೂತೇ ಇದ್ದಳು. ಒಮ್ಮೆ ಮಾತ್ರ, "ಏನೂ ಮಾಡಕ್ಕಾಗಲ್ವೇನ್ರೀ?" ಎಂದಳು.

ನಕಲಿನ ಮಾತು ಅವನ ನಾಲಗೆಯ ತುದಿಗೆ ಬಂತು. ಆದರೆ ಯಜಮಾನರು ಇನ್ನೂ ಬಂದಿರಲಿಲ್ಲ. ಬಾಯಿಬಿಟ್ಟರೆ ಇಷ್ಟು ದಿನ ಕಾದದ್ದು ಗಾಳಿಗೆ ಹೋಗುತ್ತದೆ. "ನೋಡೋಣ," ಎಂದ.

ಯಜಮಾನರು ಬರುವಾಗ ಮಧ್ಯಾಹ್ನ ದಾಟಿತ್ತು. ಕೋಲೂರಿಕೊಂಡು ಬಂದ ಮುದುಕರು ಎಲ್ಲವನ್ನೂ ಕೇಳಿಸಿಕೊಂಡು, ಭಾಮೈದನ ಕಡೆ ತಿರುಗಿ, ಬೇಸತ್ತ ದನಿಯಲ್ಲಿ, "ಕೀಲಿಕೈ ಮೇಜಿನ ಮೇಲಿಟ್ಟು ಹೋಗಪ್ಪ," ಎಂದರು. ಅವನು ಇಟ್ಟ. ಹೋಗಲು ಕಾಲು ಬಾರದೆ ಅಲ್ಲೇ ಕಂಬಕ್ಕೆ ಒರಗಿದ.

ಆಗ ಡಿಸ್ಕಣ್ಣ, "ಯಜಮಾನ್ರೇ, ಒಂದು ಗಳಿಗೆ ಬಿಡುವು ಕೊಡಿ. ಮನೆಗೆ ಹೋಗಿ ಬರ್ತೀನಿ," ಎಂದ. ಅಟ್ಟ ಹತ್ತಿ, ಹೊದಿಕೆ ಸರಿಸಿ, ಡಿಸ್ಕನ್ನು ಶರ್ಟಿನೊಳಗೆ ಇಟ್ಟುಕೊಂಡು ವಾಪಸು ಬಂದ. ಮೇಜಿನ ಮೇಲೆ ಅದನ್ನಿಟ್ಟು, ಭಂಡಾರದಲ್ಲಿದ್ದದ್ದೆಲ್ಲ ಇದರಲ್ಲಿದೆ ಎಂದಾಗ ಇಡೀ ಹಾಲ್ ಒಂದೇ ಉಸಿರು ಬಿಟ್ಟಿತು. ಯಜಮಾನರು ಅವನ ಎರಡೂ ಕೈ ಹಿಡಿದುಕೊಂಡರು. ಮೇಸ್ತ್ರಿ ಕಣ್ಣೊರೆಸಿಕೊಂಡ. "ಡಿಸ್ಕಣ್ಣ, ನೀನು ಮನುಷ್ಯ ಅಲ್ಲಪ್ಪ!"

ಹೆಂಡತಿ ಮಾತ್ರ ಎದ್ದು ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಬೆಳಿಗ್ಗೆಯಿಂದ ಇದು ಮನೇಲೇ ಇತ್ತಾ?"

"ಹೂಂ... ಸರಿಯಾಗಿದ್ಯೋ ಇಲ್ವೋ ಅಂತ ಖಾತ್ರಿ ಇರಲಿಲ್ಲ."

ಅವನು ಕಂಪ್ಯೂಟರಿನ ಮುಂದೆ ಕೂತ. ಅವಳು ಅವನ ಕುರ್ಚಿಯ ಹಿಂದೆ ನಿಂತಳು. ಉಳಿದವರೂ ಬಂದು ಸುತ್ತ ನಿಂತರು. ನಕಲಿನ ಡಿಸ್ಕು ತೆರೆಯುವುದು ಸ್ಕ್ರಿಪ್ಟಿನಿಂದ ಮಾತ್ರ. ಅವನು ಡಿಸ್ಕು ಸಿಕ್ಕಿಸಿದ, ಸ್ಕ್ರಿಪ್ಟಿನ ಹೆಸರು ಬರೆದ. ಬೆನ್ನ ಹಿಂದೆ ಅಷ್ಟು ಜನರ ಉಸಿರು. ಆಯಾಸಕ್ಕೆ ಕಣ್ಣು ಎಳೆಯುತ್ತಿತ್ತು. ಬೆರಳುಗಳಿಗೆ ಹೇಳಿಕೊಡಬೇಕಾಗಿರಲಿಲ್ಲ, ತಾವೇ ಓಡಿದವು. ಎರಡು ಹೆಸರು. ಎಂಟರ್.

"ಮುಗಿಯಿತು" ಎಂದು ಬಂತು.

"ಅಷ್ಟು ಬೇಗನಾ?" ಎಂದ ಮೇಸ್ತ್ರಿ.

ಕಂಬದ ಬಳಿಯಿಂದ ಬಂದು ಬಗ್ಗಿ ಪರದೆ ನೋಡುತ್ತಿದ್ದ ಭಾಮೈದ, ಬಹಳ ಮೆಲ್ಲಗೆ, ಒಂದಿಷ್ಟೂ ಕುಹಕವಿಲ್ಲದೆ ಅಂದ. "ಭಾವ. ಹಿಂದುಮುಂದಾಯ್ತು."

ಇಷ್ಟು ವರ್ಷ ಡಿಸ್ಕಣ್ಣ ಭಂಡಾರದಿಂದ ತೆಗೆದಿದ್ದನೇ ಹೊರತು ಭಂಡಾರಕ್ಕೆ ಒಮ್ಮೆಯೂ ತುಂಬಿರಲಿಲ್ಲ. ತುಂಬುವ ಪ್ರಸಂಗವೇ ಬಂದಿರಲಿಲ್ಲ, ಅತ್ತೆ ಬರಗೊಟ್ಟಿರಲಿಲ್ಲ. ಅವನ ಬೆರಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಮೊದಲು ಭಂಡಾರ, ಆಮೇಲೆ ನಕಲು. ಅದೇ ದಾರಿಯಲ್ಲಿ ಹೋಗಿದ್ದವು. ಖಾಲಿ ಭಂಡಾರದಿಂದ, ತುಂಬಿದ ನಕಲಿಗೆ. ಈಗ ನಕಲೂ ತೊಳೆದುಹೋಗಿತ್ತು. ಕಾವಲಿದ್ದಿದ್ದರೆ ಅತ್ತೆ ಪರದೆ ತುಂಬ ಬೈದು ಕೈ ಹಿಡಿಯುತ್ತಿದ್ದಳು. ಅವನು ಭಾಮೈದನಿಗೆಂದು ತೆಗೆದ ಆ ಸಾಲು, ಈ ಭೂಮಿಯ ಮೇಲೆ ಇನ್ನೊಬ್ಬನಿಗೂ ಬೇಕಾಗಬಹುದು ಎಂಬುದೊಂದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. "ಬೇರೆ ಮೂರು ಕಡೆ ಮಾತು ತಿದ್ದಿ ತಡೆ ಉಳಿಸಿದ್ದೀರಿ ಭಾವ, ಇದೊಂದೇ ಯಾಕೆ ಕಿತ್ರಿ?" ಎಂದು ಭಾಮೈದ ಕೇಳುತ್ತಿದ್ದ. ಯಜಮಾನರ ಕೋಲು ನೆಲಕ್ಕೆ ತಾಗಿದ ಸದ್ದಾಯಿತು. ಡಿಸ್ಕಣ್ಣ ಕುರ್ಚಿಯಲ್ಲೇ ತಿರುಗಿ ನೋಡಿದ. ಹೆಂಡತಿ ಅವನ ಮುಖವನ್ನು, ಗೊತ್ತಿಲ್ಲದ ಊರಿನ ಹೆಸರು ಓದುವವರಂತೆ, ಕಣ್ಣು ಕಿರಿದಾಗಿಸಿ ಓದುತ್ತಿದ್ದಳು. ಓದಿ ಮುಗಿಯಿತು. ಬೆರಳಿನ ಬಣ್ಣವನ್ನು ಬಿಳಿ ಬಟ್ಟೆಯ ಅಂಚಿಗೆ ಒರೆಸಿ, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ಹಾಲ್ ದಾಟಿ, ಅಂಗಳ ದಾಟಿ, ಗೇಟಿನ ಹೊರಗಿನ ರಸ್ತೆಗೆ ಹೋದಳು. ಮನೆ ಇದ್ದದ್ದು ಬಲಕ್ಕೆ. ಅವಳು ಎಡಕ್ಕೆ ತಿರುಗಿದಳು. ಮತ್ತೆ ಬರಲಿಲ್ಲ.